ಹಾಲು ಹಾಕುತ್ತೀರೋ ಇಲ್ಲವೋ: ಮನೆಯ ಕಾಫಿಗೆ ಪಾತ್ರೆ, ಬೀಜ, ಪುಡಿ ಆರಿಸುವ ಬಗೆ

ನಮ್ಮ ಮನೆಯ ಅಟ್ಟದ ಮೇಲೆ, ಹಬ್ಬಕ್ಕೆ ಮಾತ್ರ ಕೆಳಗಿಳಿಯುವ ದೊಡ್ಡ ಪಾತ್ರೆಗಳ ಹಿಂದೆ, ಒಂದು ಎಸ್ಪ್ರೆಸೊ ಯಂತ್ರ ಕುಳಿತಿದೆ. ಕೊಂಡಾಗ ಅದರ ಪೆಟ್ಟಿಗೆಯ ಮೇಲೆ ಹದಿನೈದು ಬಾರ್ ಒತ್ತಡ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬೆಳಿಗ್ಗೆ ಆರೂವರೆಗೆ ಐದು ಜನರಿಗೆ ಕಾಫಿ ಬೇಕಾದ ಮನೆಯಲ್ಲಿ ಒಂದೊಂದೇ ಲೋಟ ಕೊಡುವ ಯಂತ್ರ ಎಷ್ಟು ದಿನ ಮರ್ಯಾದೆ ಉಳಿಸಿಕೊಂಡೀತು? ಐದನೆಯವರ ಕೈಗೆ ಲೋಟ ಬರುವಷ್ಟರಲ್ಲಿ ಮೊದಲನೆಯವರು ಸ್ನಾನ ಮುಗಿಸಿ ಎರಡನೇ ಕಾಫಿಗೆ ಬಂದು ನಿಂತಿರುತ್ತಿದ್ದರು. ಯಂತ್ರದ ತಪ್ಪೇನೂ ಇರಲಿಲ್ಲ. ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ.

ಆ ಪ್ರಶ್ನೆ ಇಷ್ಟೇ: ಈ ಮನೆಯಲ್ಲಿ ಕುಡಿಯುವುದು ಹಾಲಿನ ಕಾಫಿಯೋ, ಹಾಲಿಲ್ಲದ್ದೋ? ಪಾತ್ರೆ ಯಾವುದು, ಬೀಜ ಯಾವುದು, ಎಷ್ಟು ಹುರಿದಿರಬೇಕು, ಚಿಕೋರಿ ಬೇಕೋ ಬೇಡವೋ ಎಂಬುದೆಲ್ಲ ಇದರ ಉತ್ತರಕ್ಕೇ ಅಂಟಿಕೊಂಡಿದೆ. ಹಾಲಿನ ಕೊಬ್ಬು ಮತ್ತು ಸಿಹಿ ಕಾಫಿಯ ಹುಳಿಯನ್ನೂ ಹೂವಿನಂಥ ನವಿರು ಪರಿಮಳವನ್ನೂ ನುಂಗಿಬಿಡುತ್ತವೆ. ಎದುರು ನಿಂತು ಉಳಿಯುವುದು ಕಹಿ, ಗಟ್ಟಿತನ, ಹುರಿದ ಘಮ. ಆದ್ದರಿಂದ ಹಾಲಿನ ಕಾಫಿಗೆ ಸ್ವಲ್ಪವೇ ನೀರಿನಲ್ಲಿ ಇಳಿದ ಗಟ್ಟಿ ಡಿಕಾಕ್ಷನ್ ಬೇಕು. ಹಾಲಿಲ್ಲದ ಕಾಫಿಗೆ ಹೆಚ್ಚು ನೀರು, ಹದವಾಗಿ ಹುರಿದ ಒಳ್ಳೆಯ ಬೀಜ ಬೇಕು. ದುಬಾರಿ ಅರೇಬಿಕಾ ಬೀಜ ತಂದು ಮುಕ್ಕಾಲು ಲೋಟ ಹಾಲು ಸುರಿದವರೂ, ಶೇ. 40 ಚಿಕೋರಿ ಇರುವ ಪುಡಿಯನ್ನು, ನೆನೆಸಿ ಜಾಲರಿಯಿಂದ ಒತ್ತಿ ಸೋಸುವ ಫ್ರೆಂಚ್ ಪ್ರೆಸ್‌ಗೆ ಹಾಕಿ ಮುಖ ಕಿವುಚಿದವರೂ ಉಪಕರಣವನ್ನು ಬೈಯುವುದನ್ನು ಕೇಳಿದ್ದೇನೆ. ಪಾಪ, ಅದಕ್ಕೇನು ಗೊತ್ತು.

ಹಾಲಿನ ಕಾಫಿಯ ಮನೆಗೆ

ಹಾಲಿನ ಕಾಫಿಯವರಿಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಎರಡು ಡಬ್ಬಿಯ ಫಿಲ್ಟರನ್ನು ಮೀರಿಸುವುದು ಕಷ್ಟ. ಕರೆಂಟು ಬೇಡ, ಕಾಗದ ಬೇಡ, ಕೆಡುವಂಥ ಭಾಗವೇ ಅದರಲ್ಲಿಲ್ಲ. ಇಬ್ಬರಿಗಾದರೂ ಎಂಟು ಜನರಿಗಾದರೂ ಹಿಡಿಯುವ ಸಮಯ ಹೆಚ್ಚು ಕಡಿಮೆ ಒಂದೇ. ರಾತ್ರಿ ಇಳಿಯಲು ಇಟ್ಟು ಮಲಗಿದರೆ ಬೆಳಿಗ್ಗೆ ಹಾಲು ಕಾಯಿಸುವುದಷ್ಟೇ ಕೆಲಸ.

ಸ್ಟೀಲೋ ಹಿತ್ತಾಳೆಯೋ ಎಂಬ ಜಗಳ ಈಗ ಮತ್ತೆ ಶುರುವಾಗಿದೆ. ಹಿತ್ತಾಳೆಯದು ದಪ್ಪ, ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ, ನೋಡಲು ಲಕ್ಷಣ. ಆದರೆ ಒಳಗಡೆ ಕಲಾಯಿ ಇರಲೇಬೇಕು. ಡಿಕಾಕ್ಷನ್ ಹುಳಿ ಗುಣದ್ದು. ಕಲಾಯಿ ಸವೆದ ಹಿತ್ತಾಳೆಯಲ್ಲಿ ರಾತ್ರಿಯಿಡೀ ಬಿಡುವಂಥದ್ದಲ್ಲ. ಕಲಾಯಿ ಹಾಕುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಕಾಲ ಹೋಯಿತು, ಈಗ ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ರುಚಿಯಲ್ಲಿ ವ್ಯತ್ಯಾಸ ಇದೆಯೇ? ಒಮ್ಮೆ ಒಂದೇ ಪುಡಿಯನ್ನು ಎರಡರಲ್ಲೂ ಇಳಿಸಿ, ಯಾವುದು ಯಾವುದೆಂದು ಹೇಳದೆ ಅತ್ತೆಯವರ ಮುಂದಿಟ್ಟೆ. ಐವತ್ತು ವರ್ಷ ಹಿತ್ತಾಳೆಯ ಫಿಲ್ಟರನ್ನು ಹುಣಸೆಹಣ್ಣು ಹಾಕಿ ತಿಕ್ಕಿದವರು ಅವರು. ಸ್ಟೀಲಿನ ಕಾಫಿಯನ್ನು ಗುಟುಕರಿಸಿ, "ಇದೇ ನೋಡಿ ಹಿತ್ತಾಳೆಯದು" ಎಂದರು. ಅಂದಿನಿಂದ ನಾನು ಕೇಳಿದವರಿಗೆಲ್ಲ ಸ್ಟೀಲ್ ಎನ್ನುತ್ತೇನೆ, ಅತ್ತೆಯವರು ಎದುರಿಗಿಲ್ಲದಾಗ.

ಕೊಳ್ಳುವಾಗ ನೋಡಬೇಕಾದದ್ದು ಲೋಹಕ್ಕಿಂತ ತೂತು. ಮೇಲಿನ ಡಬ್ಬಿಯನ್ನು ಅಂಗಡಿಯಲ್ಲೇ ಬೆಳಕಿಗೆ ಹಿಡಿಯಿರಿ. ತೂತುಗಳು ಸಣ್ಣವಾಗಿ, ಒಂದೇ ಸಮನಾಗಿ, ಅಂಚಿನವರೆಗೂ ಇರಬೇಕು. ದೊಡ್ಡ ತೂತಿದ್ದರೆ ಚರಟ ಕೆಳಗಿಳಿಯುತ್ತದೆ. ಎರಡನೆಯದು ಅಳತೆ. ಎಂದೋ ಬರುವ ನೆಂಟರಿಗಾಗಿ ಎಂಟು ಲೋಟದ ಫಿಲ್ಟರ್ ತಂದು ದಿನವೂ ಇಬ್ಬರಿಗೆ ಇಳಿಸಿದರೆ, ಪುಡಿ ತಳದಲ್ಲಿ ತೆಳ್ಳಗೆ ಹರಡಿ ನೀರು ಸರಸರನೆ ಇಳಿದುಹೋಗುತ್ತದೆ. ಮೇಲಿನ ಡಬ್ಬಿ ಅರ್ಧದ ಹತ್ತಿರ ಪುಡಿಯಿಂದ ತುಂಬುವಂಥ ಅಳತೆಯದೇ ಸರಿ. ನಮ್ಮಲ್ಲಿ ಚಿಕ್ಕದೊಂದು, ದೊಡ್ಡದೊಂದು ಇದೆ. ಎರಡೂ ಸೇರಿ ಆ ಅಟ್ಟದ ಯಂತ್ರದ ಒಂದು ಮೂಲೆಯ ಬೆಲೆ ಬಾಳುವುದಿಲ್ಲ.

ಇಳಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ ಆದರೂ ಒಂದು ಕಡೆ ಬಹಳ ಜನ ಎಡವುತ್ತಾರೆ. ಮೂರು ಲೋಟಕ್ಕೆ ಸುಮಾರು ಮೂವತ್ತು ಗ್ರಾಂ ಪುಡಿ ಹಾಕಿ, ಡಬ್ಬಿಯನ್ನು ಎರಡು ಸಲ ತಟ್ಟಿ ಮಟ್ಟ ಮಾಡಿ, ಪುಟ್ಟ ಕೊಡೆಯಂತಿರುವ ತಟ್ಟೆಯನ್ನು ಅದರ ಮೇಲೆ ಸುಮ್ಮನೆ ಕೂರಿಸಿ. ಹೆಬ್ಬೆರಳಿನಿಂದ ಅದುಮಬೇಡಿ. ಕುದಿ ಬಂದ ನೀರನ್ನು ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುತ್ತ ಹಾಕಿ. ಪುಡಿ ಉಬ್ಬಿ, ಮೇಲೆ ಸಣ್ಣ ಗುಳ್ಳೆಗಳು ಒಡೆಯುತ್ತವೆ. ಹೊಸದಾಗಿ ಹುರಿದ ಬೀಜದಲ್ಲಿ ಅಡಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವ ಗುರುತು ಅದು. ಪುಡಿ ಸುಮ್ಮನೆ ಕೆಸರಿನಂತೆ ಬಿದ್ದಿದ್ದರೆ ಅದು ಹಳೆಯದು, ಅಂಗಡಿಯವರು ಏನೇ ಹೇಳಲಿ. ಆಮೇಲೆ ಉಳಿದ ನೀರು ಹಾಕಿ ಮುಚ್ಚಿಡಿ, ಒಟ್ಟು ನೂರೈವತ್ತು ಮಿಲಿಲೀಟರಿನಷ್ಟು ಸಾಕು. ಇಪ್ಪತ್ತು ನಿಮಿಷದ ಹತ್ತಿರ ಇಳಿದು ಮುಗಿದರೆ ಹದ ಸರಿ. ಐದು ನಿಮಿಷಕ್ಕೇ ಖಾಲಿಯಾದರೆ ಪುಡಿ ದಪ್ಪ. ಗಂಟೆಯಾದರೂ ನಿಂತೇ ಇದ್ದರೆ ಪುಡಿ ತೀರ ನುಣ್ಣಗೆ, ಇಲ್ಲವೇ ನೀವು ಅದುಮಿದ್ದೀರಿ.

ಫಿಲ್ಟರಿಗೆ ನಿಜವಾದ ಎದುರಾಳಿ ಎಂದರೆ ಮೋಕಾ ಪಾಟ್. ಇಟಲಿಯಲ್ಲಿ 1933ರಲ್ಲಿ ಬಿಯಾಲೆಟ್ಟಿಯವರು ತಂದ ಎಂಟು ಮೂಲೆಯ ಅಲ್ಯೂಮಿನಿಯಂ ಪಾತ್ರೆ ಅದು. ಕೆಳಗಿನ ನೀರು ಕಾದು, ಆವಿಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೆ ನುಗ್ಗುತ್ತದೆ. ಐದಾರು ನಿಮಿಷದಲ್ಲಿ ಡಿಕಾಕ್ಷನ್ ಸಿದ್ಧ. ರಾತ್ರಿ ಮರೆತು ಬೆಳಿಗ್ಗೆ ಪರದಾಡುವವರಿಗೆ, ಒಂಟಿಯಾಗಿರುವವರಿಗೆ, ಇಬ್ಬರ ಮನೆಗೆ ಇದು ಒಳ್ಳೆಯದು. ರುಚಿ ಫಿಲ್ಟರಿನದಕ್ಕಿಂತ ಚೂಪು, ಕಹಿಯ ಅಂಚು ಹೆಚ್ಚು. ಉರಿ ಜೋರಾಗಿಟ್ಟರೆ, ಇಲ್ಲವೇ ಗುಳುಗುಳು ಸದ್ದು ಬಂದ ಮೇಲೂ ಒಲೆಯ ಮೇಲೆ ಬಿಟ್ಟರೆ ಸುಟ್ಟ ವಾಸನೆ ಖಂಡಿತ. ಇದರ ಬಗ್ಗೆ ಯಾರೂ ಹೇಳದ ಎರಡು ಸಂಗತಿಗಳಿವೆ. ಅಲ್ಯೂಮಿನಿಯಂ ಆದದ್ದರಿಂದ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ, ಅದಕ್ಕೆ ಸ್ಟೀಲಿನದನ್ನೇ ಕೊಳ್ಳಬೇಕು. ಮತ್ತೆ ನಮ್ಮ ಗ್ಯಾಸ್ ಒಲೆಯ ಕಾಲುಗಳು ಕುಕ್ಕರಿಗೆ, ಬಾಣಲೆಗೆ ಲೆಕ್ಕ ಹಾಕಿ ಮಾಡಿದವು. ಮೂರು ಲೋಟದ ಮೋಕಾ ಅವುಗಳ ನಡುವೆ ವಾಲಿ ಬೀಳುತ್ತದೆ. ಪಾತ್ರೆ ಅಂಗಡಿಯಲ್ಲಿ ಒಲೆಯ ಮೇಲಿಡುವ ಚಿಕ್ಕ ಕಬ್ಬಿಣದ ಜಾಲರಿ ಸಿಗುತ್ತದೆ, ಜೊತೆಗೇ ತಂದುಬಿಡಿ.

ಇನ್ನು ಎಸ್ಪ್ರೆಸೊ ಯಂತ್ರ. ಎಸ್ಪ್ರೆಸೊಗೆ ಬೇಕಾದದ್ದು ಒಂಬತ್ತು ಬಾರ್ ಒತ್ತಡ, ಏರುಪೇರಿಲ್ಲದ ಶಾಖ, ಒಂದೇ ಸಮನಾದ ನುಣ್ಣನೆಯ ಪುಡಿ. ಹದಿನೈದು ಬಾರ್ ಎಂಬುದು ಪಂಪಿನ ಶಕ್ತಿಯ ಮಾತು, ರುಚಿಯ ಮಾತಲ್ಲ. ಯಂತ್ರಕ್ಕೆ ಕೊಟ್ಟಷ್ಟೇ ಹಣವನ್ನು ಬೀಜ ಬೀಸುವ ಯಂತ್ರಕ್ಕೂ ಕೊಡಲು ಸಿದ್ಧರಿದ್ದರೆ, ದಿನವೂ ತೊಳೆಯುವ ತಾಳ್ಮೆಯಿದ್ದರೆ, ಮನೆಯಲ್ಲಿ ಕುಡಿಯುವವರು ಒಬ್ಬಿಬ್ಬರೇ ಆಗಿದ್ದರೆ ಕೊಳ್ಳಿ. ಉಳಿದವರು ನಮ್ಮ ಅಟ್ಟವನ್ನೊಮ್ಮೆ ನೆನೆಸಿಕೊಳ್ಳಿ.

ಹಾಲಿಲ್ಲದವರಿಗೆ

ಫ್ರೆಂಚ್ ಪ್ರೆಸ್ ಎಂದರೆ ಹೊಸದೇನೋ ಎಂದುಕೊಳ್ಳುವವರು ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಫಿ ಮಾಡುತ್ತಿದ್ದುದನ್ನು ನೋಡಿಲ್ಲ. ನೀರಿಗೆ ಬೆಲ್ಲ ಹಾಕಿ ಕುದಿಸಿ, ಇಳಿಸಿ, ಪುಡಿ ಹಾಕಿ ಮುಚ್ಚಿಟ್ಟು, ಚರಟ ತಳ ಸೇರಿದ ಮೇಲೆ ಬಟ್ಟೆಯಲ್ಲಿ ಸೋಸುವುದು. ತತ್ವ ಅದೇ: ಪುಡಿ ನೀರಿನಲ್ಲಿ ಮುಳುಗಿ ನೆನೆಯಬೇಕು, ಆಮೇಲೆ ಬೇರೆಯಾಗಬೇಕು. ಬಟ್ಟೆಯ ಬದಲು ಲೋಹದ ಜಾಲರಿ, ಚೆಂಬಿನ ಬದಲು ಗಾಜಿನ ಜಾಡಿ. ಒಂದು ಪಾಲು ಪುಡಿಗೆ ಹದಿನೈದು ಪಾಲು ನೀರು, ನಾಲ್ಕು ನಿಮಿಷ, ಮೆಲ್ಲನೆ ಒತ್ತುವುದು. ಕಲಿಯಲು ಇದಕ್ಕಿಂತ ಸುಲಭದ್ದಿಲ್ಲ. ಆದರೆ ಪುಡಿ ಸಣ್ಣ ರವೆಗಿಂತ ದಪ್ಪ ಇರಬೇಕು. ಫಿಲ್ಟರಿಗೆಂದು ಬೀಸಿಸಿಕೊಂಡು ಬಂದ ಪುಡಿ ಹಾಕಿದರೆ ಕೊನೆಯ ಎರಡು ಗುಟುಕು ಕೆಸರು. ಗಾಜಿನದು ಒಡೆಯುತ್ತದೆ, ಅದೂ ತೊಳೆಯುವಾಗ. ನಮ್ಮದು ಎರಡು ಒಡೆದ ಮೇಲೆ ಸ್ಟೀಲಿನದು ಬಂತು.

ಕಾಗದದ ಸೋಸುಕದ ಮೇಲೆ ನೀರು ಸುರಿಯುವ ಪದ್ಧತಿ ಇದಕ್ಕೆ ತದ್ವಿರುದ್ಧ. ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಕಾಗದದ ಫಿಲ್ಟರಿಗೆ ಹಕ್ಕು ಪಡೆದರು. ಅವರು ಮೊದಲು ಬಳಸಿದ್ದು ಮಗನ ಶಾಲೆಯ ಪುಸ್ತಕದ ಒತ್ತುಕಾಗದವಂತೆ. ಈಗ ಎಲ್ಲರ ಬಾಯಲ್ಲಿರುವ, ಕಾಗದ ಕೂರಿಸುವ ವಿ60 ಜಪಾನಿನದು; ಅರವತ್ತು ಡಿಗ್ರಿಯ ಶಂಕುವಿನ ಆಕಾರವಾದ್ದರಿಂದ ಆ ಹೆಸರು. ಕಾಗದ ಎಣ್ಣೆಯಂಶವನ್ನೂ ನುಣ್ಣನೆಯ ಧೂಳನ್ನೂ ಹಿಡಿದುಬಿಡುವುದರಿಂದ ಕಾಫಿ ಚಹಾದಷ್ಟು ತಿಳಿ, ಬೀಜದ ಗುಣ ಮುಚ್ಚುಮರೆಯಿಲ್ಲದೆ ನಾಲಿಗೆಗೆ ಸಿಗುತ್ತದೆ. ಕೊಲೆಸ್ಟ್ರಾಲ್ ಏರಿಸುವ ಕ್ಯಾಫೆಸ್ಟಾಲ್ ಎಂಬ ಅಂಶವೂ ಕಾಗದದಲ್ಲೇ ಉಳಿಯುತ್ತದೆ, ವೈದ್ಯರಿಂದ ಬೈಸಿಕೊಂಡವರು ಗಮನಿಸಿ. ತೊಂದರೆ ಏನೆಂದರೆ ಇದು ಯಾವ ತಪ್ಪನ್ನೂ ಕ್ಷಮಿಸುವುದಿಲ್ಲ: ಪುಡಿ ಒಂದೇ ಸಮ ಇರಬೇಕು, ನೀರು ಸಣ್ಣ ಧಾರೆಯಾಗಿ ಬೀಳಬೇಕು, ತಕ್ಕಡಿ ಬೇಕು, ಮುಗಿದಾಗಲೆಲ್ಲ ಕಾಗದ ತರಬೇಕು. ಭಾನುವಾರದ ಕಾಫಿ ಇದು. ಸೋಮವಾರ ಬೆಳಿಗ್ಗೆ ನನಗೆ ಇಷ್ಟು ಶ್ರದ್ಧೆ ಇರುವುದಿಲ್ಲ.

ಏರೋಪ್ರೆಸ್ ಪ್ಲಾಸ್ಟಿಕ್ಕಿನ ದೊಡ್ಡ ಪಿಚಕಾರಿಯ ಹಾಗಿರುತ್ತದೆ. ಒಡೆಯುವುದಿಲ್ಲ, ಎರಡು ನಿಮಿಷದ ಕೆಲಸ, ಚರಟ ಬಿಲ್ಲೆಯಾಗಿ ಹೊರಬೀಳುವುದರಿಂದ ತೊಳೆಯುವುದೂ ಸುಲಭ. ಹಾಸ್ಟೆಲ್‌ನಲ್ಲಿರುವವರಿಗೆ, ಊರೂರು ತಿರುಗುವವರಿಗೆ ಬೇರೆ ಯೋಚನೆಯೇ ಬೇಡ.

ಬೀಜ: ಹೆಸರುಗಳ ಕಾಡು

ಪುಡಿಯ ಅಂಗಡಿಯಲ್ಲಿ ನಿಂತರೆ ಕಿವಿಗೆ ಬೀಳುವ ಮಾತು ಹೀಗಿರುತ್ತದೆ: "ಅರ್ಧ ಪೀಬೆರಿ, ಅರ್ಧ ಪ್ಲಾಂಟೇಶನ್ ಎ, ಚಿಕೋರಿ ಹತ್ತು." ಹೇಳುವವರು ಮಂತ್ರದಂತೆ ಹೇಳುತ್ತಾರೆ. ಅರ್ಥ ಕೇಳಿದರೆ ಅಪ್ಪ ಹೀಗೇ ತರುತ್ತಿದ್ದರು ಎನ್ನುತ್ತಾರೆ.

ಪ್ಲಾಂಟೇಶನ್ ಎಂದರೆ ತೋಟ ಎಂದಷ್ಟೇ ಅಲ್ಲ. ಹಣ್ಣಿನ ಸಿಪ್ಪೆ ಸುಲಿದು (ಪಲ್ಪಿಂಗ್ ಎನ್ನುವುದು ಇದಕ್ಕೇ), ಲೋಳೆ ತೊಳೆದು, ಕಣದಲ್ಲಿ ಒಣಗಿಸಿದ ಅರೇಬಿಕಾಕ್ಕೆ ವ್ಯಾಪಾರದಲ್ಲಿರುವ ಹೆಸರು ಅದು. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಚೆರಿ. ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾದಲ್ಲಿ ತೊಳೆದದ್ದು ಪಾರ್ಚ್‌ಮೆಂಟ್, ಹಾಗೇ ಒಣಗಿಸಿದ್ದು ಚೆರಿ. ಎಎ, ಎ, ಬಿ ಎಂಬುದು ಪರೀಕ್ಷೆಯ ದರ್ಜೆಯಲ್ಲ, ಜರಡಿಯ ಅಳತೆ: ಎ ಎಂದರೆ ಸುಮಾರು ಆರೂವರೆ ಮಿಲಿಮೀಟರಿನ ಜರಡಿಯ ಮೇಲೆ ನಿಲ್ಲುವ ಕಾಳು. ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾದದ್ದು. ಗುಂಡಗಿರುವುದರಿಂದ ಹುರಿಯುವಾಗ ಉರುಳಿ ಉರುಳಿ ಸಮನಾಗಿ ಬೇಯುತ್ತದೆ, ಅದು ನಿಜ. ಆದರೆ ಅದಕ್ಕೆ ಕೊಡುವ ಹೆಚ್ಚಿನ ಹಣ ಹಾಲಿನ ಲೋಟದಲ್ಲಿ ಎಲ್ಲಿ ಹೋಯಿತೆಂದು ನನಗಂತೂ ಗೊತ್ತಾಗಿಲ್ಲ.

ಗೊತ್ತಾಗುವುದು ಅರೇಬಿಕಾ ಮತ್ತು ರೊಬಸ್ಟಾದ ವ್ಯತ್ಯಾಸ. ಅರೇಬಿಕಾದಲ್ಲಿ ಹುಳಿ, ಪರಿಮಳ. ಕೆಫೀನ್ ಸುಮಾರು ಶೇ. 1.2. ರೊಬಸ್ಟಾದಲ್ಲಿ ಕಹಿ, ಗಟ್ಟಿತನ, ನೊರೆ. ಕೆಫೀನ್ ಸುಮಾರು ಶೇ. 2.2. ರೊಬಸ್ಟಾ ಎಂದರೆ ಮೂಗು ಮುರಿಯುವ ಚಾಳಿಯೊಂದು ಹೊಸ ಕಾಫಿ ರಸಿಕರಲ್ಲಿ ಬೆಳೆದಿದೆ. ನಮ್ಮ ದೇಶದಲ್ಲಿ ಬೆಳೆಯುವುದರಲ್ಲಿ ಹೆಚ್ಚಿನ ಪಾಲು ರೊಬಸ್ಟಾವೇ, ಅದರಲ್ಲೂ ಕೊಡಗು ಮುಂದು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ, ಅವರ ಎಸ್ಪ್ರೆಸೊ ಮಿಶ್ರಣಗಳಿಗೆ. ಹಾಲಿನ ಕಾಫಿಗೆ ಮೂರನೇ ಒಂದು ಪಾಲು ತೊಳೆದ ರೊಬಸ್ಟಾ, ಉಳಿದದ್ದು ಪ್ಲಾಂಟೇಶನ್ ಎ ಅಥವಾ ಬಿ ಹಾಕಿಸಿ ನೋಡಿ. ಲೋಟದ ಮೇಲಿನ ನೊರೆಯೇ ಹೇಳುತ್ತದೆ. ಹಾಲಿಲ್ಲದೆ ಕುಡಿಯುವವರು ಮಾತ್ರ ಅರೇಬಿಕಾವನ್ನಷ್ಟೇ ತರಲಿ.

ಆ ಅರೇಬಿಕಾ ಎಲ್ಲಿಯದು? 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಪ್ರತ್ಯೇಕವಾಗಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಯೆಮೆನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದರೆಂಬ ಕತೆಯ ಗಿರಿ ಇದೇ. ಈಗೀಗ ಪ್ಯಾಕೆಟ್ಟಿನ ಮೇಲೆ ತಳಿಯ ಹೆಸರೂ ಇರುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಕೊಟ್ಟ ಸೆಲೆಕ್ಷನ್ 795 ಕಂಡರೆ ಧೈರ್ಯವಾಗಿ ತನ್ನಿ. ಮಲೆನಾಡಿನ ತೋಟಗಳಲ್ಲಿ ದಶಕಗಳಿಂದ ಉಳಿದು ಬಂದ ತಳಿ, ರುಚಿ ಸೌಮ್ಯ. ಮಾನ್ಸೂನ್ಡ್ ಮಲಬಾರ್ ಎಂಬುದು ತಳಿಯಲ್ಲ, ಸಂಸ್ಕರಣೆ: ಮಳೆಗಾಲದಲ್ಲಿ ಕರಾವಳಿಯ ಗೋದಾಮುಗಳಲ್ಲಿ ತೇವದ ಗಾಳಿಗೆ ಹರಡಿ, ಬೀಜ ಊದಿಕೊಂಡು ಬಿಳಿಚಿ, ಹುಳಿ ಪೂರ ಇಳಿದುಹೋದದ್ದು. ಹುಳಿ ಆಗದವರಿಗೆ ಇದು ಅಮೃತ. ನನಗೆ ಅದರಲ್ಲಿ ಹಳೆಯ ಕಣಜದ ವಾಸನೆ ಬರುತ್ತದೆ.

ಚಿಕೋರಿಯ ಬಗ್ಗೆ ಒಂದು ಮಾತು. ಅದು ಗೆಡ್ಡೆ, ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆದು, ಹುರಿದು, ಪುಡಿ ಮಾಡಿ ಬರುತ್ತದೆ. ಕೆಫೀನ್ ಇಲ್ಲ. ಕಲಬೆರಕೆ ಎಂದು ಬೈಯುವವರಿದ್ದಾರೆ, ಆದರೆ ಫಿಲ್ಟರಿನಲ್ಲಿ ಅದಕ್ಕೊಂದು ಕೆಲಸವಿದೆ: ನೀರು ಹೀರಿ ಉಬ್ಬಿ, ಇಳಿಯುವ ವೇಗವನ್ನು ತಗ್ಗಿಸುತ್ತದೆ, ಡಿಕಾಕ್ಷನ್ ಮಂದವಾಗುತ್ತದೆ. ಶೇ. 10ರಿಂದ 15ರವರೆಗೆ ನನಗೆ ಒಪ್ಪಿಗೆ. ಚಿಕೋರಿ ಬಿಟ್ಟು ಶುದ್ಧ ಕಾಫಿಗೆ ಬದಲಾದವರು ನೀರು ನೀರಾಯಿತೆಂದು ದೂರುವುದು ಇದಕ್ಕೇ. ಪುಡಿಯನ್ನು ಇನ್ನೂ ಸ್ವಲ್ಪ ನುಣ್ಣಗೆ ಬೀಸಿಸಿದರೆ ಸರಿಹೋಗುತ್ತದೆ. ಪ್ಯಾಕೆಟ್ ಕೊಳ್ಳುವಾಗ ಹಿಂಭಾಗ ತಿರುಗಿಸಿ ಓದಿ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣ ಬರೆದಿರಬೇಕು ಎಂಬುದು ನಿಯಮ. ಕೆಲವು ಪ್ಯಾಕೆಟ್‌ಗಳು ಆ ಗೆರೆಯ ಮೇಲೆಯೇ ನಿಂತಿರುತ್ತವೆ.

ಹುರಿದ ತಾರೀಖು ಇದಕ್ಕಿಂತಲೂ ಮುಖ್ಯ. ಪ್ಯಾಕ್ ಮಾಡಿದ ತಾರೀಖು ಬೇರೆ, ಹುರಿದದ್ದು ಬೇರೆ. ಬೀಜವಾದರೆ ಹುರಿದ ತಿಂಗಳೊಳಗೆ, ಪುಡಿಯಾದರೆ ಬೀಸಿದ ಎರಡು ವಾರದೊಳಗೆ ಮುಗಿಸುವಷ್ಟೇ ತನ್ನಿ. ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಫ್ರಿಜ್‌ನಲ್ಲಿಟ್ಟು ದಿನವೂ ಹೊರತೆಗೆದರೆ ಪುಡಿಯ ಮೇಲೆ ತೇವ ಕೂರುತ್ತದೆ, ನಿನ್ನೆಯ ಸಾರಿನ ವಾಸನೆಯೂ ಸೇರುತ್ತದೆ.

ಮಿಕ್ಸಿ ಮತ್ತು ಬೀಸುವ ಕಲ್ಲು

ಗ್ರೈಂಡರ್ ಎಂದರೆ ನಮ್ಮಲ್ಲಿ ದೋಸೆ ಹಿಟ್ಟಿನದು ನೆನಪಾಗುತ್ತದೆ. ಕಾಫಿಗೆ ಬೇಕಾದದ್ದು ಬೀಸುವ ಕಲ್ಲಿನ ತತ್ವದ್ದು: ಎರಡು ಹಲ್ಲಿನ ಚಕ್ರಗಳ ನಡುವೆ ಬೀಜ ಸಿಕ್ಕಿ, ಅಂತರ ಬಿಟ್ಟಷ್ಟೇ ಗಾತ್ರಕ್ಕೆ ಒಡೆಯುವುದು. ಮಿಕ್ಸಿಯ ಬ್ಲೇಡು ಕೈಗೆ ಸಿಕ್ಕಿದ್ದನ್ನು ಕಡಿಯುತ್ತದೆ. ಅರ್ಧ ಧೂಳು, ಅರ್ಧ ನುಚ್ಚು. ಧೂಳಿನಿಂದ ಕಹಿ, ನುಚ್ಚಿನಿಂದ ಸಪ್ಪೆ, ಎರಡೂ ಒಂದೇ ಲೋಟದಲ್ಲಿ. ಮಿಕ್ಸಿಯೇ ಗತಿ ಎಂದಾದರೆ ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಜಾರನ್ನು ಅಲ್ಲಾಡಿಸಿ. ಅದಕ್ಕಿಂತ ಅಂಗಡಿಯಲ್ಲೇ ಹದ ಹೇಳಿ ಬೀಸಿಸಿಕೊಂಡು ಬರುವುದು ಮೇಲು. ಕಾಗದದ ಪದ್ಧತಿಗೆ ಕೈಯಲ್ಲಿ ತಿರುಗಿಸುವ, ಸ್ಟೀಲ್ ಹಲ್ಲಿನ ಯಂತ್ರವಾದರೂ ಇರಲೇಬೇಕು. ನನ್ನನ್ನು ಕೇಳಿದರೆ ಉಪಕರಣಕ್ಕಿಂತ ಮೊದಲು ಹಣ ಸುರಿಯಬೇಕಾದದ್ದು ಇಲ್ಲೇ. ಒಳ್ಳೆಯ ಪುಡಿಯಿದ್ದರೆ ಬಟ್ಟೆಯಲ್ಲಿ ಸೋಸಿದರೂ ಕಾಫಿಯೇ.

ನೀರು, ಹಾಲಿನ ಮಾತು ಬೇಗ ಮುಗಿಸುತ್ತೇನೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಎಂಥ ಬೀಜವೂ ಮಂಕಾಗುತ್ತದೆ, ಪಾತ್ರೆಗೆ ಬಿಳಿ ಪದರ ಹಿಡಿಯುತ್ತದೆ. ಶುದ್ಧೀಕರಿಸಿ ಲವಣವೆಲ್ಲ ತೆಗೆದ ನೀರಿನಲ್ಲೂ ಕಾಫಿ ಸಪ್ಪೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯವರು ಪುಣ್ಯವಂತರು. ಹಾಲು ನಂದಿನಿಯ ನೀಲಿ ಪ್ಯಾಕೆಟ್ಟಿನದಾದರೆ ಕೊಬ್ಬು ಶೇ. 3, ಕಿತ್ತಳೆ ಬಣ್ಣದ ಶುಭಂ ಆದರೆ 4.5. ಶುಭಂ ತಂದು, ನೀರು ಬೆರೆಸದೆ, ಒಂದೇ ಒಂದು ಸಲ ಕಾಯಿಸಿ. ಡಿಕಾಕ್ಷನ್ನನ್ನು ಮಾತ್ರ ಎಂದೂ ಒಲೆಯ ಮೇಲಿಡಬೇಡಿ. ಬಿಸಿ ಹಾಲೇ ಅದನ್ನು ಬೆಚ್ಚಗೆ ಮಾಡುತ್ತದೆ.

ಕೊನೆಗೆ, ಫಿಲ್ಟರ್ ಕೊಂಡ ಆರು ತಿಂಗಳಿಗೆ ಎಲ್ಲರ ಮನೆಯಲ್ಲೂ ಬರುವ ಗೋಳು: ಪುಡಿ ಅದೇ, ನೀರು ಅದೇ, ಆದರೂ ಡಿಕಾಕ್ಷನ್ ಇಳಿಯುವುದಿಲ್ಲ. ಬೇರೆಯದನ್ನು ತರಲು ಹೊರಡಬೇಡಿ. ತೂತುಗಳಲ್ಲಿ ಎಣ್ಣೆಯ ಜೊತೆ ನುಣ್ಣನೆಯ ಪುಡಿ ಕಟ್ಟಿಕೊಂಡಿರುತ್ತದೆ, ಬ್ರಶ್ಶಿಗೆ ಅದು ಜಗ್ಗುವುದಿಲ್ಲ. ಸ್ಟೀಲಿನದಾದರೆ ಮೇಲಿನ ಡಬ್ಬಿಯನ್ನು ಇಕ್ಕಳದಲ್ಲಿ ಹಿಡಿದು, ತಳವನ್ನು ಗ್ಯಾಸಿನ ಸಣ್ಣ ಉರಿಗೆ ಒಂದು ನಿಮಿಷ ತೋರಿಸಿ. ಸಣ್ಣಗೆ ಹೊಗೆಯಾಡಿ, ಕಟ್ಟಿದ್ದು ಬೂದಿಯಾಗುತ್ತದೆ. ಆರಿದ ಮೇಲೆ ತೊಳೆದು ಬೆಳಕಿಗೆ ಹಿಡಿದರೆ ಅಂಗಡಿಯಲ್ಲಿ ನೋಡಿದ ತೂತುಗಳೆಲ್ಲ ಮತ್ತೆ ಕಾಣುತ್ತವೆ. ಹಿತ್ತಾಳೆಯದಕ್ಕೆ ಇದನ್ನು ಮಾಡಬೇಡಿ, ಕಲಾಯಿ ಕರಗಿ ಹೋಗುತ್ತದೆ. ಅದಕ್ಕೆ ಸೂಜಿಯೇ ಗತಿ.